ದೊಣ್ಣೆ ಮೆಣಸಿನಕಾಯಿಯ ಒಂದು ಚೂರು

ಕಡೂರಿನ ನಮ್ಮ ಅಕ್ಕನ ಮನೆಗೆ ಎರಡು ಗಿನಿಪಿಗ್ ಬಂದಾಗ ಅಕ್ಕನ ಅತ್ತೆ ಮೊದಲು ಕೇಳಿದ್ದು, "ಇವು ಏನು ತಿಂತಾವೆ?" ಅಂತ. ದನ ಎಮ್ಮೆ ಸಾಕಿದವರು ಕೇಳುವ ಪ್ರಶ್ನೆ. ಮಾರಿದವರು ಒಂದು ಚೀಲ ಪೆಲೆಟ್ ಕೊಟ್ಟು ಇದಿಷ್ಟೇ ಸಾಕು ಎಂದಿದ್ದರಂತೆ. ಎರಡು ತಿಂಗಳು ಕಳೆಯುವುದರೊಳಗೆ ಹೆಣ್ಣು ಗಿನಿಪಿಗ್ ಮೂಲೆ ಬಿಟ್ಟು ಏಳದಾಯಿತು. ರೋಮ ಒರಟಾಯಿತು, ಹಿಂಗಾಲು ಮುಟ್ಟಿದರೆ ಚೀರುತ್ತಿತ್ತು. ಪಶುವೈದ್ಯರು ಅದರ ಕೀಲುಗಳನ್ನು ಒತ್ತಿ ನೋಡಿ, "ಹಸಿ ಸೊಪ್ಪು ತರಕಾರಿ ಏನಾದ್ರೂ ಹಾಕ್ತಿದ್ದೀರೇನಮ್ಮ?" ಎಂದರು. ವಿಟಮಿನ್ ಸಿ ಹನಿ ಬರೆದುಕೊಟ್ಟರು, ದಿನಾ ಒಂದು ಚೂರು ದೊಣ್ಣೆ ಮೆಣಸಿನಕಾಯಿ ಹಾಕಿ ಎಂದರು. ಒಂದು ವಾರದಲ್ಲಿ ಅದು ಮತ್ತೆ ಓಡಾಡತೊಡಗಿತು.

ಅತ್ತೆಗೆ ಇದು ಒಗಟಾಗಿಯೇ ಉಳಿಯಿತು. ಅವರ ತವರು ಅಜ್ಜಂಪುರದ ಕಡೆ. ಅಮೃತಮಹಲ್ ತಳಿ ಸಂವರ್ಧನಾ ಕೇಂದ್ರ ಇರುವ ಊರು ಅದು. ಬೇಸಿಗೆಯಲ್ಲಿ ಕಾವಲಿನ ಹುಲ್ಲು ಒಣಗಿ ಕಡ್ಡಿಯಾದರೂ ಆ ದನಗಳು ಅದನ್ನೇ ಮೇಯ್ದು ಬದುಕುವುದನ್ನು ಅವರು ನೋಡಿದ್ದಾರೆ. "ಅಷ್ಟು ದೊಡ್ಡ ಎತ್ತಿಗೆ ಬೇಡದ್ದು ಈ ಇಲಿಯಂಥದ್ದಕ್ಕೆ ಯಾಕಪ್ಪ?" ಎಂದು ನನ್ನನ್ನು ಕೇಳಿದರು.

ಪ್ರಶ್ನೆ ಸರಿಯಾದದ್ದೇ. ದನ, ಆಡು, ನಾಯಿ, ಇಲಿ ಇವೆಲ್ಲ ತಮಗೆ ಬೇಕಾದ ವಿಟಮಿನ್ ಸಿಯನ್ನು ತಮ್ಮ ಯಕೃತ್ತಿನಲ್ಲೇ ತಯಾರಿಸಿಕೊಳ್ಳುತ್ತವೆ. ಗಿನಿಪಿಗ್‌ಗೆ ಆ ಶಕ್ತಿ ಇಲ್ಲ. ನಮಗೂ ಇಲ್ಲ. ಈ ವಿಷಯದಲ್ಲಿ ನಾವು ಎತ್ತಿನ ಕಡೆಯವರಲ್ಲ, ಆಂಡಿಸ್ ಬೆಟ್ಟಗಳಿಂದ ಬಂದ ಈ ಪುಟ್ಟ ಪ್ರಾಣಿಯ ಕಡೆಯವರು. ಹಲ್ಲಿನ ವಸಡಿನಲ್ಲಿ ರಕ್ತ ಬಂದು, ಕೀಲುಗಳು ಊದಿ ಸಾಯುತ್ತಿದ್ದ ಹಡಗಿನವರ ಸ್ಕರ್ವಿ ರೋಗವೇ ಅಕ್ಕನ ಮನೆಯ ಪಂಜರಕ್ಕೂ ಬಂದಿತ್ತು.

ಈ ನಂಟು ಗೊತ್ತಾದದ್ದು ಆಕಸ್ಮಿಕವಾಗಿ. ನಾರ್ವೆಯ ಹೋಲ್ಸ್ಟ್ ಮತ್ತು ಫ್ರೋಲಿಶ್ ಎಂಬಿಬ್ಬರು ನಾವಿಕರ ಬೆರಿಬೆರಿಯ ಕಾರಣ ಹುಡುಕುತ್ತಾ ಗಿನಿಪಿಗ್‌ಗಳಿಗೆ ಬರೀ ಧಾನ್ಯ, ಬ್ರೆಡ್ಡು ತಿನ್ನಿಸಿದರು. ಬೆರಿಬೆರಿ ಬರಲಿಲ್ಲ, ಸ್ಕರ್ವಿ ಬಂತು. ಹಸಿ ಎಲೆಕೋಸು ಕೊಟ್ಟಾಗ ತಡೆಯಿತು. ಅದನ್ನು ಅವರು ಪ್ರಕಟಿಸಿದ್ದು 1907ರಲ್ಲಿ. ಇಲಿಗಳನ್ನು ಇಟ್ಟುಕೊಂಡಿದ್ದರೆ ಏನೂ ಕಾಣುತ್ತಿರಲಿಲ್ಲ. ಮುಂದೆ ಹಂಗೇರಿಯ ಸೆಂಟ್ ಜ್ಯೋರ್ಜಿ ಆ ವಸ್ತುವನ್ನು ರಾಶಿಗಟ್ಟಲೆ ತೆಗೆದದ್ದು ತನ್ನೂರಿನ ಪ್ಯಾಪ್ರಿಕಾ ಮೆಣಸಿನಕಾಯಿಯಿಂದ. 1937ರ ನೊಬೆಲ್ ಅವನಿಗೆ ಬಂತು. ನಮ್ಮ ವೈದ್ಯರು ಬರೆದುಕೊಟ್ಟ ದೊಣ್ಣೆ ಮೆಣಸಿನಕಾಯಿ ಅದೇ ಮನೆತನದ್ದು.

ದೊಡ್ಡ ಗಿನಿಪಿಗ್‌ಗೆ ದಿನಕ್ಕೆ 10ರಿಂದ 30 ಮಿಲಿಗ್ರಾಂ ವಿಟಮಿನ್ ಸಿ ಬೇಕು. 100 ಗ್ರಾಂ ಹಸಿರು ದೊಣ್ಣೆ ಮೆಣಸಿನಕಾಯಿಯಲ್ಲಿ ಸುಮಾರು 80 ಮಿಲಿಗ್ರಾಂ ಇರುತ್ತದೆ. ಹಾಗಾಗಿ ಕಾಲು ಕಾಯಿ ಸಾಕು. ಪೆಲೆಟ್‌ನಲ್ಲಿ ಸೇರಿಸಿದ್ದು ತಿಂಗಳುಗಳು ಉರುಳಿದಂತೆ ಕ್ಷೀಣಿಸುತ್ತದೆ. ಅಂಗಡಿಯಲ್ಲಿ ಬಿಸಿಲಿಗೆ ಕೂತ ಚೀಲದ ಕಥೆ ಹೇಳಬೇಕಿಲ್ಲ. ಕುಡಿಯುವ ನೀರಿಗೆ ಬೆರೆಸಿದರೂ ಬೇಗ ಹಾಳಾಗುತ್ತದೆ. ಯಾವ ತರಕಾರಿಯಾದರೂ ಆದೀತು ಎನ್ನುವುದೂ ಸರಿಯಲ್ಲ. ಸೌತೆಕಾಯಿಯನ್ನು ಅವು ಕರಕರ ಎಂದು ಸುಖವಾಗಿ ಮುಗಿಸುತ್ತವೆ, ಅದರಲ್ಲಿರುವುದು ಹೆಚ್ಚಾಗಿ ನೀರು. ಪಾಲಕ್ ದಿನಾ ಹಾಕಿದರೆ ಮೂತ್ರದಲ್ಲಿ ಕಲ್ಲು ಕಟ್ಟುವ ಭಯ. ಒಮ್ಮೆಗೇ ಬುಟ್ಟಿ ತುಂಬ ಹೊಸ ಸೊಪ್ಪು ಸುರಿದರೆ ಭೇದಿ. ಹೊಟ್ಟೆ ತುಂಬಬೇಕಾದದ್ದು ಹುಲ್ಲಿನಿಂದಲೇ, ಯಾಕೆಂದರೆ ಸಾಯುವವರೆಗೂ ಬೆಳೆಯುವ ಆ ಹಲ್ಲುಗಳನ್ನು ಸವೆಸುವುದು ಹುಲ್ಲು.

ಹುಲ್ಲಿನ ಮಾತು ಬಂದದ್ದೇ ತಡ, ಅತ್ತೆ ಕೆಲಸ ವಹಿಸಿಕೊಂಡರು. ಹಿತ್ತಿಲಿನ ಗರಿಕೆಯನ್ನು ದಿನವೂ ಕಿತ್ತು, ತೊಳೆದು ಹಾಕುತ್ತಾರೆ. ರಸ್ತೆ ಬದಿಯದ್ದನ್ನು ಮುಟ್ಟುವುದಿಲ್ಲ, ಕಳೆನಾಶಕ ಹೊಡೆದಿರುತ್ತಾರೆ ಎಂಬ ಗುಮಾನಿ. ಕಡೂರಿನ ಬೇಸಿಗೆಯಲ್ಲಿ ಕೊತ್ತಂಬರಿ ದರ ಏರಿದಾಗ ಮನೆಯವರಿಗೆ ಸಾರಿಗೆ ಕಡಿಮೆಯಾಗುತ್ತದೆ, ಪಂಜರಕ್ಕೆ ಆಗುವುದಿಲ್ಲ. ತರೀಕೆರೆಯಲ್ಲಿ ಅಡಿಕೆ ತೋಟವಿರುವ ಬೀಗರು ಬಂದಾಗ ಇದನ್ನು ನೋಡಿ ನಕ್ಕರು.

ಒಂದೇ ಒಂದು ವಿಷಯಕ್ಕೆ ಅತ್ತೆ ಬೇಜಾರು ಮಾಡಿಕೊಂಡಿದ್ದಾರೆ. ಅಜ್ಜಂಪುರದ ಸೀಮೆ ಈರುಳ್ಳಿಗೆ ಹೆಸರಾದದ್ದು. ತವರಿನಿಂದ ಚೀಲ ಬಂದಾಗಲೆಲ್ಲ ಎಳೆ ಈರುಳ್ಳಿ ಹೂವೂ ಬರುತ್ತದೆ. ಈರುಳ್ಳಿ, ಬೆಳ್ಳುಳ್ಳಿ ಗಿನಿಪಿಗ್‌ಗೆ ವಿಷ, ರಕ್ತದ ಕೆಂಪುಕಣಗಳನ್ನೇ ಒಡೆಯುತ್ತದೆ ಎಂದು ಹೇಳಿದೆ. "ನಮ್ಮೂರಿನದ್ದೇ ಆಗಬಾರದಾ?" ಎಂದು ಆ ಕಟ್ಟನ್ನು ಒಳಗೆ ತೆಗೆದುಕೊಂಡು ಹೋಗಿ ಪಲ್ಯ ಮಾಡಿದರು.