ಭೂಮಿತಾಯಿಗೆ ಬಯಕೆಯೂಟ

ಸೋದರಿಯರೇ, ದಸರಾ ಮುಗಿಯಿತು, ಬನ್ನಿ ಹಂಚಿ ಆಯಿತು, ದೀಪಾವಳಿಗೆ ಇನ್ನೂ ದಿನವಿದೆ, ಸದ್ಯ ಅಡುಗೆಮನೆಗೆ ಸ್ವಲ್ಪ ಬಿಡುವು ಸಿಕ್ಕಿತು ಅಂತ ನೀವು ಉಸಿರು ಬಿಡುವ ಹೊತ್ತಿಗೇ ನಮ್ಮ ಶಿಕಾರಿಪುರ, ಸೊರಬದ ಕಡೆ ಹೆಂಗಸರಿಗೆ ವರ್ಷದ ದೊಡ್ಡ ಅಡುಗೆ ಶುರುವಾಗುತ್ತದೆ. ಆಶ್ವಯುಜ ಮಾಸದ ಹುಣ್ಣಿಮೆ ಅದು. ಪಂಚಾಂಗದಲ್ಲಿ ಸೀಗೆ ಹುಣ್ಣಿಮೆ ಎಂದಿರುತ್ತದೆ. ನಮ್ಮ ಬಾಯಲ್ಲಿ ಅದು ಭೂಮಿ ಹುಣ್ಣಿಮೆ. ಊಟಕ್ಕೆ ಬರುವ ನೆಂಟರು ಯಾರು ಗೊತ್ತೇ? ಯಾರೂ ಬರುವುದಿಲ್ಲ. ಊಟವನ್ನೇ ತಲೆಯ ಮೇಲೆ ಹೊತ್ತು ನಾವೇ ಗದ್ದೆಗೆ ಹೋಗುತ್ತೇವೆ. ಉಣ್ಣುವವಳು ಭೂಮಿತಾಯಿ.

ನಾನು ಮದುವೆಯಾಗಿ ಬಂದದ್ದು ಶಿಕಾರಿಪುರ ಪೇಟೆಗೆ. ತವರು ಸೊರಬದಿಂದ ಚಂದ್ರಗುತ್ತಿಗೆ ಹೋಗುವ ದಾರಿಯ ಒಂದು ಹಳ್ಳಿ. ಹಬ್ಬಕ್ಕೆ ವರ್ಷವೂ ಹೋಗಲೇಬೇಕು. ಶಿವಮೊಗ್ಗದಿಂದ ಬರುವವರು ಸವಳಂಗದ ಮೇಲೆ ಶಿಕಾರಿಪುರಕ್ಕೆ ಬಂದು, ಹುಚ್ಚರಾಯಸ್ವಾಮಿಗೆ ಕೈ ಮುಗಿದು, ಮುಂದೆ ಶಿರಾಳಕೊಪ್ಪದ ಬಸ್ಸು ಹಿಡಿದು, ಅಲ್ಲಿಂದ ಸೊರಬಕ್ಕೆ ಹೋಗಬಹುದು. ಸರ್ಕಾರಿ ಬಸ್ಸಾದರೆ 2023ರ ಜೂನ್‌ನಿಂದ ನಮಗೆ ಟಿಕೆಟ್ಟಿನ ದುಡ್ಡೂ ಇಲ್ಲ. ಆದರೆ ನಮ್ಮ ಕಡೆ ಓಡುವುದರಲ್ಲಿ ಖಾಸಗಿ ಬಸ್ಸುಗಳೇ ಜಾಸ್ತಿ, ಚಿಲ್ಲರೆ ಇಟ್ಟುಕೊಂಡೇ ಹೊರಡಿ.

ಈ ದಾರಿಯಲ್ಲಿ ಕಿಟಕಿ ಪಕ್ಕ ಕೂತರೆ ಎರಡು ನಾಡು ನೋಡಿದ ಹಾಗೆ. ಶಿಕಾರಿಪುರದ ಸುತ್ತ ಅರ್ಧ ಬಯಲುಸೀಮೆ, ಮೆಕ್ಕೆಜೋಳದ ಹೊಲಗಳು. ಸೊರಬ ದಾಟಿ ಚಂದ್ರಗುತ್ತಿ ಗುಡ್ಡ ಕಾಣುವ ಹೊತ್ತಿಗೆ ಮಣ್ಣು ಕೆಂಪಾಗಿ, ಗಾಳಿ ತಂಪಾಗಿ, ಗದ್ದೆಯ ಅಂಚಿನಲ್ಲಿ ಅಡಿಕೆ ಮರ ನಿಂತಿರುತ್ತವೆ. ನಡುವೆ ಶಿರಾಳಕೊಪ್ಪದ ಮಗ್ಗುಲಲ್ಲೇ ಬಳ್ಳಿಗಾವಿ. ಕೇದಾರೇಶ್ವರ ದೇವಸ್ಥಾನ ನೋಡಲು ಒಂದು ಗಂಟೆ ಇಳಿದರೆ ನಷ್ಟವಿಲ್ಲ. ಅಲ್ಲಿದ್ದ ಕೋಡಿಯ ಮಠದ ಬಗ್ಗೆ 1162ರ ಶಾಸನವೊಂದಿದೆ. ಬಡವರು, ಕುರುಡರು, ಕಿವುಡರು, ದಿಕ್ಕಿಲ್ಲದವರಿಗೆಲ್ಲ ಅಲ್ಲಿ ಅನ್ನ ಸಿಗುತ್ತಿತ್ತು, ರೋಗಿಗಳಿಗೆ ಮದ್ದು ಸಿಗುತ್ತಿತ್ತು ಎಂದು ಅದರಲ್ಲಿ ಬರೆದಿದೆ. ನಮ್ಮ ಸೀಮೆಯ ಕಲ್ಲಿನ ಮೇಲೂ ಊಟದ ಮಾತೇ ಇದೆ ನೋಡಿ ಅಂತ ನಾನು ಮಕ್ಕಳಿಗೆ ಹೇಳುವುದುಂಟು. ಅವಕ್ಕೆ ಕೇಳುವ ತಾಳ್ಮೆ ಇಲ್ಲ, ಅದು ಬೇರೆ ಮಾತು.

ಈಗ ಹಬ್ಬದ ಅರ್ಥಕ್ಕೆ ಬರುತ್ತೇನೆ. ಆಶ್ವಯುಜದಲ್ಲಿ ಭತ್ತ ಹೊಡೆ ಕಟ್ಟಿರುತ್ತದೆ. ತೆನೆ ಇನ್ನೂ ಹೊರಗೆ ಬಂದಿರುವುದಿಲ್ಲ, ಬಂದಿದ್ದರೂ ಹಾಲು ತುಂಬುತ್ತಿರುತ್ತದೆ. ಅಂದರೆ ಭೂಮಿ ಬಸುರಿ. ಬಸುರಿಗೆ ಏನು ಮಾಡುತ್ತೇವೆ? ಬಯಕೆ ಕೇಳಿ, ಬಗೆಬಗೆ ಅಡುಗೆ ಮಾಡಿ, ಹಸಿರು ಬಳೆ ತೊಡಿಸಿ ಉಣ್ಣಿಸುತ್ತೇವೆ. ಅಷ್ಟೇ ಈ ಹಬ್ಬ. ಬೇರೆ ಕಡೆ ಬೆಳೆ ಮನೆಗೆ ಬಂದ ಮೇಲೆ ಕೃತಜ್ಞತೆ ಹೇಳುವ ವಾಡಿಕೆ. ನಮ್ಮ ಸಂಕ್ರಾಂತಿಯೂ ಸುಗ್ಗಿಯ ಹಬ್ಬವೇ. ಅಮೆರಿಕದಲ್ಲಿ ನವೆಂಬರ್ ತಿಂಗಳ ನಾಲ್ಕನೆಯ ಗುರುವಾರ ಇಡೀ ಸಂಸಾರ ಒಂದೇ ಮೇಜಿಗೆ ಕೂತು ಉಣ್ಣುವ ಥ್ಯಾಂಕ್ಸ್‌ಗಿವಿಂಗ್ ಹಬ್ಬವೂ ಬೆಳೆ ಬಂದ ಮೇಲಿನದೇ. ಅದು ತಪ್ಪಲ್ಲ. ಆದರೆ ನಮ್ಮ ಹಿರಿಯ ಹೆಂಗಸರು ಬೆಳೆ ಬರುತ್ತದೋ ಇಲ್ಲವೋ ಗೊತ್ತಾಗುವ ಮುಂಚೆಯೇ ಎಲೆ ಹಾಕಿಬಿಡುತ್ತಾರೆ. ಇದರಲ್ಲಿ ಏನೋ ಒಂದು ದೊಡ್ಡತನ ಇದೆ ಅಂತ ನನಗೆ ಯಾವಾಗಲೂ ಅನ್ನಿಸುತ್ತದೆ.

ದಸರಾ ಮುಗಿದ ಮಾರನೆಯ ದಿನವೇ ಬುಟ್ಟಿಯ ಕೆಲಸ. ನಮ್ಮ ದೀವರ ಮನೆಗಳಲ್ಲಿ ಇದಕ್ಕೆ ಭೂಮಣ್ಣಿ ಬುಟ್ಟಿ ಅನ್ನುತ್ತಾರೆ. ದೊಡ್ಡದೊಂದು, ಚಿಕ್ಕದೊಂದು. ಬಿದಿರಿನ ಬುಟ್ಟಿಗೆ ಸಗಣಿ ಸಾರಿಸಿ, ಒಣಗಿದ ಮೇಲೆ ಕೆಮ್ಮಣ್ಣು ಬಳಿದು, ಅದರ ಮೇಲೆ ಅಕ್ಕಿ ಹಿಟ್ಟಿನ ಬಿಳಿಯಲ್ಲಿ ಚಿತ್ತಾರ ಬರೆಯುವುದು. ಬ್ರಷ್ಷು ಅಂಗಡಿಯದ್ದಲ್ಲ, ಪುಂಡಿ ನಾರನ್ನು ಜಜ್ಜಿ ಮಾಡಿದ್ದು. ಭತ್ತದ ಸಸಿ, ತೆನೆ, ಏಣಿ, ಗಾಡಿ, ಅಡಿಕೆ ಮರ, ಸಾಲು ಸಾಲು ಗೆರೆ. ಕೈ ನಡುಗಿದರೆ ಗೆರೆ ಹೋಯಿತು. ನಮ್ಮಮ್ಮ ಎಪ್ಪತ್ತು ದಾಟಿದರೂ ಕನ್ನಡಕ ಹಾಕಿಕೊಂಡು ಒಂದೇ ಉಸಿರಿಗೆ ಉದ್ದ ಗೆರೆ ಎಳೆಯುತ್ತಾಳೆ. ಈಗೀಗ ಪೇಟೆಯಲ್ಲಿ ಬಣ್ಣದ ಡಬ್ಬಿ ತಂದು ಬರೆಯುವವರೂ ಇದ್ದಾರೆ. ಬಾಳಿಕೆ ಬರುತ್ತದೆ, ನಿಜ. ನನಗೆ ಮಾತ್ರ ಕೆಮ್ಮಣ್ಣಿನ ವಾಸನೆ ಇಲ್ಲದ ಬುಟ್ಟಿ ಹಬ್ಬದ ಬುಟ್ಟಿ ಅನ್ನಿಸುವುದಿಲ್ಲ.

ಹುಣ್ಣಿಮೆಯ ಹಿಂದಿನ ರಾತ್ರಿ ಮನೆಯಲ್ಲಿ ಹೆಂಗಸರಿಗೆ ನಿದ್ದೆ ಇಲ್ಲ. ಸ್ನಾನ ಮಾಡಿ ಒಲೆ ಹಚ್ಚಿದರೆ ಬೆಳಗಿನ ಜಾವದವರೆಗೂ ಅಡುಗೆ. ಮೊದಲನೆಯದು ಹಚ್ಚಂಬಲಿ. ಹಿತ್ತಿಲು, ಬೇಲಿ, ಕಾಡಿನಂಚು ಅಲೆದು ತಂದ ಸೊಪ್ಪು ಕುಡಿಗಳನ್ನೆಲ್ಲ ಹೆಚ್ಚಿ ಅಕ್ಕಿನುಚ್ಚಿನ ಜೊತೆ ಬೇಯಿಸುವುದು. ಕುಂಬಳದ ಕುಡಿ, ಹಾಗಲ, ಹೀರೆ, ಕೆಸ, ಅಮಟೆ, ಹೀಗೆ ಕೈಗೆ ಸಿಕ್ಕಿದ್ದು. ನೂರೊಂದು ಬಗೆ ಆಗಬೇಕು ಅನ್ನುವುದು ಮಾತು. ಲೆಕ್ಕ ಇಟ್ಟವರನ್ನು ನಾನು ಕಾಣೆ. ಆಮೇಲೆ ಕಡುಬು, ಚಿತ್ರಾನ್ನ, ಪಾಯಸ, ಹೋಳಿಗೆ, ಅಮಟೆಕಾಯಿ ಸಾರು, ಪಲ್ಯಗಳು.

ಕಡುಬು ಹೇಗೆ ಅಂತ ಕೇಳುವವರಿಗೆ ಇಲ್ಲೇ ಹೇಳಿಬಿಡುತ್ತೇನೆ. ದೊಡ್ಡ ಬಣ್ಣದ ಸೌತೆಕಾಯಿ ಒಂದನ್ನು ಸಿಪ್ಪೆ, ತಿರುಳು ತೆಗೆದು ತುರಿಯಿರಿ. ನೀರು ಹಿಂಡಬೇಡಿ. ಎರಡು ಪಾವು ಅಕ್ಕಿಯನ್ನು ತೊಳೆದು, ಒಣಗಿಸಿ, ತರಿಯಾಗಿ ಒಡೆದಿಟ್ಟುಕೊಳ್ಳಿ. ತುರಿಗೆ ಒಂದು ಅಚ್ಚು ಬೆಲ್ಲ, ಅರ್ಧ ಹೋಳು ಕಾಯಿತುರಿ, ಚಿಟಿಕೆ ಉಪ್ಪು ಹಾಕಿ ಬೆಲ್ಲ ಕರಗಿದ ಮೇಲೆ ತರಿ ಬೆರೆಸಿ ಅರ್ಧ ಗಂಟೆ ಬಿಡಿ. ತರಿ ನೀರೆಲ್ಲ ಕುಡಿದು ಗಟ್ಟಿಯಾಗುತ್ತದೆ. ಬಾಡಿಸಿದ ಬಾಳೆ ಎಲೆಗೋ ಅರಿಶಿನದ ಎಲೆಗೋ ಹಾಕಿ ಮಡಚಿ ಮುಕ್ಕಾಲು ಗಂಟೆ ಹಬೆಯಲ್ಲಿ ಬೇಯಿಸಿ. ಅರಿಶಿನದ ಎಲೆಯಾದರೆ ಘಮವೇ ಬೇರೆ. ತುಪ್ಪ ಮರೆಯಬೇಡಿ.

ಕೋಳಿ ಕೂಗುವ ಹೊತ್ತಿಗೆ ಗಂಡಸರು ಬುಟ್ಟಿ ಹೊತ್ತು, ಬೆಳಕು ಹಿಡಿದು ಗದ್ದೆಗೆ ಹೊರಡುತ್ತಾರೆ. ಚಿಕ್ಕ ಬುಟ್ಟಿಯ ಹಚ್ಚಂಬಲಿಯನ್ನು ಗದ್ದೆಯ ಸುತ್ತ ಬೀರುತ್ತಾ, ತಾಯಿ ಬಂದು ಉಂಡು ಹೋಗು ಅಂತ ಕೂಗುತ್ತಾರೆ. ಬೆಳ್ದಿಂಗಳಲ್ಲಿ ಒಂದು ಗದ್ದೆಯ ಕೂಗಿಗೆ ಮತ್ತೊಂದು ಗದ್ದೆಯಿಂದ ಕೂಗು ಬರುತ್ತದೆ. ಮೈ ಜುಮ್ಮೆನ್ನುತ್ತದೆ ಕಣ್ರೀ. ಬೆಳಗಾದ ಮೇಲೆ ನಾವು ಹೆಂಗಸರು ಮಕ್ಕಳು ಹೋಗಿ ಪೂಜೆ. ಒಂದು ಬುಡ ಪೈರನ್ನು ಸೇರಿಸಿ ಕಟ್ಟಿ, ಅದಕ್ಕೆ ಸೀರೆ, ಹಸಿರು ಬಳೆ ಏರಿಸಿ, ಮನೆಯ ಹೆಂಗಸು ತನ್ನ ಕೊರಳಿನ ಕರಿಮಣಿ ಸರವನ್ನೇ ತೆಗೆದು ಸ್ವಲ್ಪ ಹೊತ್ತು ಅದಕ್ಕೆ ಹಾಕುತ್ತಾಳೆ. ಕಾಗೆಗೊಂದು ಎಡೆ, ಇಲಿಗೊಂದು ಎಡೆ. ಹೌದು, ಭತ್ತ ತಿನ್ನುವ ಇಲಿಗೂ! ಒಂದು ಕಡುಬನ್ನು ಗದ್ದೆಯ ಮಣ್ಣಿನಲ್ಲಿ ಹೂಳುತ್ತಾರೆ. ಕೊಯ್ಲಿನ ದಿನ ಅದನ್ನು ಹುಡುಕಿ ತೆಗೆದು ಕಣ್ಣಿಗೆ ಒತ್ತಿಕೊಳ್ಳುತ್ತಾರೆ. ಆಮೇಲೆ ನಾವೆಲ್ಲ ಅಲ್ಲೇ ಬದುವಿನ ಮೇಲೆ ಎಲೆ ಹಾಕಿ ಉಣ್ಣುವುದು. ಅದೇ ದಿನ ವಾಲ್ಮೀಕಿ ಜಯಂತಿಯಾದ್ದರಿಂದ ಶಾಲೆಗೆ ರಜ, ಮಕ್ಕಳೂ ಬರುತ್ತವೆ.

ನಮ್ಮಜ್ಜಿ ಈ ಎಡೆ ಇಡುತ್ತಿದ್ದದ್ದು ಗೇಣಿ ಗದ್ದೆಯಲ್ಲಿ. ಬೆಳೆದದ್ದರಲ್ಲಿ ಒಡೆಯರ ಮನೆಗೆ ಅಳೆದು ಉಳಿದದ್ದು ನಮ್ಮದು. ಪಕ್ಕದ ಸಾಗರ ತಾಲ್ಲೂಕಿನ ಕಾಗೋಡಿನಲ್ಲಿ 1951ರಲ್ಲಿ ಗೇಣಿದಾರರು ಸತ್ಯಾಗ್ರಹಕ್ಕೆ ಇಳಿದದ್ದು ಈ ಅಳತೆಯ ಕೊಳಗದ ಜಗಳದಿಂದಲೇ. ರಾಮಮನೋಹರ ಲೋಹಿಯಾ ಅವರು ಅಲ್ಲಿಗೆ ಬಂದು ಬಂಧನಕ್ಕೆ ಒಳಗಾದದ್ದು ನಿಮಗೆ ಗೊತ್ತಿರಬಹುದು. 1974ರ ಮಾರ್ಚ್ 1ರಿಂದ ತಿದ್ದುಪಡಿಯಾದ ಭೂಸುಧಾರಣೆ ಕಾಯಿದೆ ಜಾರಿಗೆ ಬಂದು, ಆಮೇಲೆ ಗದ್ದೆ ಅಜ್ಜನ ಹೆಸರಿಗೆ ಆಯಿತು. ಆ ವರ್ಷ ಹಬ್ಬಕ್ಕೆ ಏನು ವಿಶೇಷ ಮಾಡಿದಿರಿ ಅಂತ ನಾನು ಚಿಕ್ಕವಳಿದ್ದಾಗ ಅಜ್ಜಿಯನ್ನು ಕೇಳಿದ್ದೆ. "ಎಂತ ವಿಶೇಷ? ಹಿಂದಿನ ವರ್ಷ ಮಾಡಿದ್ದೇ ಕಡುಬು. ಕಾಗದ ನಮಗೆ ಬಂತು. ಭೂಮಿ ಮೊದಲೂ ತಾಯಿಯೇ ಅಲ್ಲವೇನೇ" ಅಂದಿದ್ದಳು.

ಈಗ ಆ ಎರಡೆಕರೆ ನನ್ನ ತಮ್ಮನದು. ಅವನಿಗೆ ಕೆಲಸ ಬೆಂಗಳೂರಿನಲ್ಲಿ, ಹೆಂಡತಿ ಹಾವೇರಿ ಕಡೆಯವಳು. ಅವರ ಸೀಮೆಯಲ್ಲೂ ಸೀಗೆ ಹುಣ್ಣಿಮೆಗೆ ಹೊಲಕ್ಕೆ ಹೋಗುತ್ತಾರೆ. ಐದು ಕಲ್ಲಿಟ್ಟು ಪಾಂಡವರೆಂದು ಪೂಜಿಸಿ ಹೊಲದ ತುಂಬ ಚರಗ ಚೆಲ್ಲುತ್ತಾರೆ. ಮದುವೆಯಾದ ಮೊದಲ ವರ್ಷವೇ ಅವಳು ಶೇಂಗಾ ಹೋಳಿಗೆ, ಸಜ್ಜೆ ರೊಟ್ಟಿ ಕಟ್ಟಿಕೊಂಡು ಬಂದು ನಮ್ಮಮ್ಮನ ಬುಟ್ಟಿಯಲ್ಲಿ ಇಟ್ಟಳು. ಅಮ್ಮ ಒಂದು ಗಳಿಗೆ ನೋಡಿ, ಕಡುಬನ್ನು ಸರಿಸಿ ಜಾಗ ಮಾಡಿಕೊಟ್ಟಳು. ಅಂದಿನಿಂದ ನಮ್ಮ ಭೂಮಿತಾಯಿಗೆ ಸಜ್ಜೆ ರೊಟ್ಟಿಯೂ ರೂಢಿಯಾಗಿದೆ.

2021ರಲ್ಲಿ ಅವಳಿಗೆ ಆರನೆಯ ತಿಂಗಳಲ್ಲಿ ಮಗು ಹೋಯಿತು. ಬಳೆ ತೊಡಿಸಿ, ಬಯಕೆ ಊಟ ಹಾಕಿ ಹತ್ತು ದಿನವಾಗಿತ್ತು ಅಷ್ಟೇ. ಮತ್ತೆ ಬಸುರಿಯಾದಾಗ, ಈ ಸಲ ಯಾವ ಶಾಸ್ತ್ರವೂ ಬೇಡ, ಯಾರಿಗೂ ಹೇಳುವುದೂ ಬೇಡ ಅಂತ ತಮ್ಮ ಖಂಡಿತವಾಗಿ ಹೇಳಿಬಿಟ್ಟ. ಅದು 2023. ನಿಮಗೆ ನೆನಪಿರಬೇಕು, ರಾಜ್ಯದಲ್ಲಿ ಇನ್ನೂರಕ್ಕೂ ಹೆಚ್ಚು ತಾಲ್ಲೂಕುಗಳನ್ನು ಬರಪೀಡಿತ ಎಂದು ಸಾರಿದ ವರ್ಷ. ನಮ್ಮ ಮೇಲಿನ ಮಡಿಯಲ್ಲಿ ಪೈರು ಹೊಡೆ ಕಟ್ಟುವ ಮುಂಚೆಯೇ ಒಣಗಿತ್ತು, ನೆಲ ಬಿರುಕು ಬಿಟ್ಟಿತ್ತು. ಅಕ್ಟೋಬರ್ 28ಕ್ಕೆ ಹುಣ್ಣಿಮೆ. ತಮ್ಮ ಫೋನಿನಲ್ಲಿ, "ಈ ವರ್ಷ ಬುಟ್ಟಿ ಬರೆಯುವುದು ಬೇಡಮ್ಮ. ಏನು ಕೊಟ್ಟಿದ್ದಾಳೆ ಅಂತ ಉಣ್ಣಿಸೋದು?" ಅಂದ.

ಅಮ್ಮ ಸಿಟ್ಟು ಮಾಡಲಿಲ್ಲ. "ಕೊಟ್ಟಿದ್ದಕ್ಕೆ ಉಣ್ಣಿಸೋದಾಗಿದ್ರೆ ಸುಗ್ಗಿಯಲ್ಲಿ ಉಣ್ಣಿಸ್ತಿದ್ವು. ಬಸುರಿ ಒಣಗಿ ಕೂತಾಗ ಒಂದು ತುತ್ತು ಹೆಚ್ಚಿಗೆ ಹಾಕ್ತಾರೋ, ಎಲೆ ಎತ್ತಿಬಿಡ್ತಾರೋ?" ಅಂತ ಕೇಳಿ ಫೋನು ನನ್ನ ಕೈಗೆ ಕೊಟ್ಟು ಪುಂಡಿ ನಾರು ಜಜ್ಜಲು ಕೂತಳು. ತಮ್ಮ ಆ ಕಡೆ ಬಹಳ ಹೊತ್ತು ಮಾತಾಡಲಿಲ್ಲ. ಹಬ್ಬದ ಹಿಂದಿನ ಸಂಜೆ ಇಬ್ಬರೂ ಬಂದರು. ಅವಳಿಗೆ ಏಳು ತಿಂಗಳು.

ಅಡುಗೆ ಆ ವರ್ಷ ಕಡಿಮೆ. ಸೊಪ್ಪೇ ಸಿಗಲಿಲ್ಲ. ಹಚ್ಚಂಬಲಿಗೆ ಹದಿಮೂರು ಬಗೆ ಅಂತ ಅಮ್ಮನೇ ಎಣಿಸಿದಳು, ಎಣಿಸಿದ್ದು ನಾನು ನೋಡಿದ್ದು ಅದೊಂದೇ ಸಲ. ಬೆಳಿಗ್ಗೆ ಗದ್ದೆಯಲ್ಲಿ ಮೊದಲ ಎಡೆ ಇಟ್ಟದ್ದು ಹಸಿರಿದ್ದ ಕೆಳಗಿನ ಮಡಿಗಲ್ಲ, ಒಣಗಿದ ಮೇಲಿನ ಮಡಿಗೆ. ಆಮೇಲೆ ಪೈರಿಗೆ ಏರಿಸಲು ತಂದ ಬಳೆಗಳಲ್ಲಿ ಆರು ತೆಗೆದುಕೊಂಡು ಬದುವಿನ ಮೇಲೆ ಕೂತಿದ್ದ ಸೊಸೆಯ ಹತ್ತಿರ ಹೋದಳು. ಶಾಸ್ತ್ರ ಅನ್ನಲಿಲ್ಲ, ಹಾಡು ಹೇಳಲಿಲ್ಲ. ಕೈ ಹಿಡಿದು ತೊಡಿಸಿ ಕಡುಬಿನ ಎಲೆ ಬಿಚ್ಚಿಕೊಟ್ಟಳು. ತಮ್ಮ ನೋಡುತ್ತಲೇ ನಿಂತಿದ್ದ. ಬೇಡ ಅನ್ನಲಿಲ್ಲ. ಸೊಸೆ ಅಳುತ್ತಾ ಎರಡು ಕಡುಬು ತಿಂದಳು.

ಆ ವರ್ಷ ನಮಗೆ ಬಂದದ್ದು ಐದೇ ಚೀಲ ಭತ್ತ. ಮೇಲಿನ ಮಡಿಯಲ್ಲಿ ಹುಲ್ಲೂ ಸಿಗಲಿಲ್ಲ. 2024ರ ಜನವರಿಯಲ್ಲಿ ಹೆಣ್ಣು ಮಗು ಹುಟ್ಟಿತು, ಗಟ್ಟಿಯಾಗಿದೆ. ಇವೆರಡನ್ನೂ ಸೇರಿಸಿ ಲೆಕ್ಕ ಹಾಕಬೇಡಿ, ನಾವೂ ಹಾಕಿಲ್ಲ. ಅಮ್ಮನಿಗೆ ಹಾಗೆ ಹೇಳಿದರೆ ಬೈಯುತ್ತಾಳೆ. ಆ ವರ್ಷದ ಹಬ್ಬ ಅಕ್ಟೋಬರ್ 17ಕ್ಕೆ ಬಂತು. ಒಂಬತ್ತು ತಿಂಗಳ ಮಗುವನ್ನು ಅವರ ತಾಯಿ ಸೊಂಟದ ಮೇಲೆ ಹೊತ್ತು ತಂದಳು. ಮಳೆ ಚೆನ್ನಾಗಿತ್ತು, ಬದುವಿನ ಮೇಲೆ ಕಾಲು ಜಾರುತ್ತಿತ್ತು. ಮಗು ಇಲಿಯ ಎಡೆಗೇ ಕೈ ಹಾಕಿ ಚಿತ್ರಾನ್ನ ಬಾಯಿಗೆ ತುಂಬಿಕೊಂಡಿತು.

ನೀವು ಬರುವುದಾದರೆ ಹಿಂದಿನ ಸಂಜೆಯೇ ಬನ್ನಿ, ಪರಿಚಯದವರ ಮನೆಯಲ್ಲಿ ಉಳಿಯಿರಿ. ಹೊಸ ಚಪ್ಪಲಿ ಬೇಡ, ಗದ್ದೆಯ ಕೆಸರಿಗೆ ಬರಿಗಾಲೇ ಸರಿ. ಪೂಜೆಯ ಹೊತ್ತಿನಲ್ಲಿ ಫೋನು ಹಿಡಿದು ಮುಂದೆ ನುಗ್ಗಬೇಡಿ, ಕೇಳಿ ತೆಗೆದರೆ ಯಾರೂ ಬೇಡ ಅನ್ನುವುದಿಲ್ಲ. ಉಂಡು ಹೋಗಿ ಅಂತ ಕರೆದೇ ಕರೆಯುತ್ತಾರೆ, ನಾಚಿಕೆ ಮಾಡಿಕೊಳ್ಳಬೇಡಿ. ಸಮಯವಿದ್ದರೆ ಚಂದ್ರಗುತ್ತಿಯ ರೇಣುಕಾಂಬೆಯ ಗುಡ್ಡ ಹತ್ತಿ ಬನ್ನಿ.

ತಮ್ಮ ಈಗ ಮೇಲಿನ ಮಡಿಗೆ ಅಡಿಕೆ ಸಸಿ ಇಡಿಸಿದ್ದಾನೆ. ಸುತ್ತಮುತ್ತ ಎಲ್ಲರೂ ಇಡುತ್ತಿದ್ದಾರೆ. ಭತ್ತಕ್ಕೆ ಆಳಿಲ್ಲ, ಬೆಲೆಯಿಲ್ಲ ಅನ್ನುವುದು ಸುಳ್ಳಲ್ಲ. ನನಗೆ ಇಷ್ಟವಾಗಲಿಲ್ಲ, ಆದರೆ ಗದ್ದೆಗೆ ಇಳಿದು ನಾಟಿ ಮಾಡುವವಳು ನಾನಲ್ಲವಲ್ಲ. ಅಡಿಕೆಗೂ ಬಯಕೆ ಇಡಬೇಕೇನಮ್ಮ ಅಂತ ಅವನು ಕೇಳಿದ. "ಅದೂ ನೆಲದಲ್ಲೇ ತಾನೇ ಬೇರು ಬಿಡೋದು" ಅಂದಳು ಅಮ್ಮ. ಹಾಗಾಗಿ ನಮ್ಮಲ್ಲಿ ಈಗ ಒಂದು ಬುಟ್ಟಿ ಹೆಚ್ಚಾಗಿದೆ. ಅದನ್ನು ಬರೆಯುವ ಕೆಲಸ ನನಗೆ ಮತ್ತು ಹಾವೇರಿ ಸೊಸೆಗೆ ಬಿದ್ದಿದೆ. ಅವಳ ಗೆರೆ ಆಗಲೇ ನನ್ನ ಗೆರೆಗಿಂತ ನೆಟ್ಟಗಿದೆ.