ಹಲ್ಲಿನಲ್ಲಿ ಬರೆದಿಟ್ಟ ಊಟದ ಲೆಕ್ಕ

ನಮ್ಮ ಕಡೆ ದನದ ಜಾತ್ರೆಗೆ ಹೋದವರಿಗೆಲ್ಲ ಗೊತ್ತಿರುತ್ತೆ. ಎತ್ತು ಕೊಳ್ಳೋಕೆ ಬಂದವರು ಮೊದಲು ಅದರ ಬಾಯಿ ತೆರೆಸಿ ಹಲ್ಲು ನೋಡ್ತಾರೆ. ಎರಡು ಹಲ್ಲು, ನಾಲ್ಕು ಹಲ್ಲು, ಆರು ಹಲ್ಲು, ಆಮೇಲೆ 'ಬಾಯಿಗೂಡಿದೆ'. ಮಾರೋನು ಏನೇ ಕಥೆ ಕಟ್ಟಲಿ, ಹಲ್ಲು ಸುಳ್ಳು ಹೇಳಲ್ಲ ಅನ್ನೋ ನಂಬಿಕೆ. ಸರಿ, ವಯಸ್ಸೇನೋ ಗೊತ್ತಾಯ್ತು. ಆದರೆ ಆ ಪ್ರಾಣಿ ಐದು ವರ್ಷದ ಹಿಂದೆ ಎಲ್ಲಿ ಮೇಯ್ತಿತ್ತು, ಏನು ತಿಂತಿತ್ತು ಅಂತ ಹಲ್ಲು ನೋಡಿ ಹೇಳೋಕಾಗತ್ತಾ?

ಎತ್ತಿನ ಮಾತು ಬಿಡಿ, ಸೀಲ್ ವಿಷಯದಲ್ಲಿ ಹೇಳಬಹುದಂತೆ! ಕೆಲವು ವಾರದಿಂದ ರಾತ್ರಿ ಊಟ ಆದ ಮೇಲೆ ನಾನು ಓದ್ತಿರೋದು ಇದನ್ನೇ. ಹಗಲೆಲ್ಲ ಸರ್ವರ್ ಲಾಗ್ ಫೈಲ್ ಓದೋದು ನನ್ನ ಹೊಟ್ಟೆಪಾಡು. ರಾತ್ರಿ ಸಮುದ್ರಪ್ರಾಣಿಗಳ ಲಾಗ್ ಫೈಲ್ ಓದೋದು ಸದ್ಯದ ಹುಚ್ಚು :) ಅಂದ ಹಾಗೆ ಸೀಲ್ ಅಂದರೆ ನಮ್ಮ ತುಂಗಭದ್ರೆಯಲ್ಲಿರೋ ನೀರುನಾಯಿ ಅಲ್ಲ. ಇವು ಬೇರೆ ಜಾತಿ. ಕಾಲಿನ ಜಾಗದಲ್ಲಿ ರೆಕ್ಕೆಯಂಥ ಹುಟ್ಟು, ಮೈತುಂಬ ಕೊಬ್ಬು, ಬಹುಪಾಲು ತಣ್ಣನೆ ಸಮುದ್ರಗಳಲ್ಲಿ ವಾಸ. ಇವುಗಳ ದಾಯಾದಿಗಳೇ ಸೀ ಲಯನ್ ಮತ್ತು ಫರ್ ಸೀಲ್.

ಮರವನ್ನು ಅಡ್ಡ ಕೊಯ್ದರೆ ಉಂಗುರ ಕಾಣುತ್ತಲ್ಲ, ಸೀಲ್ ಹಲ್ಲಿನಲ್ಲೂ ಹಾಗೇ ವರ್ಷಕ್ಕೊಂದು ಪದರ ಇರುತ್ತೆ. 1950ರಲ್ಲಿ ವಿಕ್ಟರ್ ಶೆಫರ್ ಅನ್ನೋ ಅಮೆರಿಕದ ಪ್ರಾಣಿಶಾಸ್ತ್ರಜ್ಞ ಇದರ ಬಗ್ಗೆ ಬರೆದ. 1952ರಲ್ಲಿ ಬ್ರಿಟನ್ನಿನ ರಿಚರ್ಡ್ ಲಾಸ್, ಅಂಟಾರ್ಕ್ಟಿಕದ ಕಡೆಯ ಎಲಿಫೆಂಟ್ ಸೀಲ್ ಗಳ ಹಲ್ಲಿನ ಪದರ ಎಣಿಸಿ ವಯಸ್ಸು ಹೇಳೋ ಕ್ರಮ ಪ್ರಕಟಿಸಿದ. ಕೋರೆಹಲ್ಲನ್ನು ಉದ್ದಕ್ಕೆ ಸೀಳಿ, ಉಜ್ಜಿ ನಯಮಾಡಿ, ಸೂಕ್ಷ್ಮದರ್ಶಕದಡಿ ಇಟ್ಟು ಎಣಿಸೋದು. ಎನಾಮೆಲ್ ಒಳಗಿರೋ ಡೆಂಟಿನ್ ಅನ್ನೋ ಭಾಗ ಹೊರಗಿನಿಂದ ಒಳಕ್ಕೆ ಕಟ್ಟುತ್ತಾ ಹೋಗುತ್ತೆ. ಅಂಚಿನಲ್ಲಿರೋದು ಹುಟ್ಟಿದ ವರ್ಷದ್ದು, ಒಳಗಿನ ಟೊಳ್ಳಿನ ಪಕ್ಕದ್ದು ಕೊನೇ ವರ್ಷದ್ದು. ಒಮ್ಮೆ ಕಟ್ಟಿದ ಪದರವನ್ನು ದೇಹ ಮತ್ತೆ ಕರಗಿಸಿ ಕಟ್ಟೋದಿಲ್ಲ. ಮೂಳೆ ಹಾಗಲ್ಲ, ಅದು ಜೀವನಪೂರ್ತಿ ರಿಪೇರಿ ಆಗ್ತಾನೇ ಇರುತ್ತೆ. ನಮ್ಮ ಭಾಷೆಯಲ್ಲಿ ಹೇಳೋದಾದರೆ ಡೆಂಟಿನ್ ಒಂದು ಅಪೆಂಡ್-ಓನ್ಲಿ ಲಾಗ್. ಕೊನೆಗೆ ಸೇರಿಸಬಹುದು, ಹಳೇದನ್ನ ತಿದ್ದೋ ಹಾಗಿಲ್ಲ.

ಸರಿ, ಊಟದ ಲೆಕ್ಕ ಎಲ್ಲಿಂದ ಬಂತು?

ಸೀಲ್ ಏನು ತಿನ್ನುತ್ತೆ ಅಂತ ತಿಳಿಯೋದು ಸುಲಭ ಅಲ್ಲ. ಅದು ಊಟ ಮಾಡೋದು ನೀರಿನಡಿಯಲ್ಲಿ, ದಡದಿಂದ ಎಷ್ಟೋ ದೂರದಲ್ಲಿ. ಹಿಂದೆ ಕೊಂದು ಹೊಟ್ಟೆ ಸೀಳಿ ನೋಡ್ತಿದ್ದರು. ಆಮೇಲೆ ದಡದಲ್ಲಿ ಬಿದ್ದ ಲದ್ದಿ ಹೆಕ್ಕಿ ತೊಳೆದು, ಮೀನಿನ ಕಿವಿಯ ಪುಟ್ಟ ಕಲ್ಲು, ಸ್ಕ್ವಿಡ್ ಕೊಕ್ಕು ಇವನ್ನೆಲ್ಲ ಆರಿಸಿ ಗುರುತಿಸೋದು ಬಂತು. ಆದರೆ ಲದ್ದಿ ಹೇಳೋದು ಕಳೆದ ಒಂದೆರಡು ದಿನದ ಊಟ ಮಾತ್ರ. ಹತ್ತು ವರ್ಷದ ಹಿಂದಿನದು ಬೇಕಾದರೆ ಹಲ್ಲಿಗೇ ಹೋಗಬೇಕು.

ಹಲ್ಲಿನ ಡೆಂಟಿನ್ ನಲ್ಲಿ ಕೊಲ್ಲಾಜೆನ್ ಅನ್ನೋ ಪ್ರೋಟೀನ್ ಇದೆ, ಅದರಲ್ಲಿ ನೈಟ್ರೋಜನ್ ಮತ್ತು ಕಾರ್ಬನ್. ಎರಡರಲ್ಲೂ ಹಗುರ ಪರಮಾಣು, ಭಾರದ ಪರಮಾಣು ಅಂತ ಎರಡು ಬಗೆ. ಗಾಳಿಯ ನೈಟ್ರೋಜನ್ ನಲ್ಲಿ ಶೇ. 99.6ರಷ್ಟು 14 ತೂಕದ್ದು, ಉಳಿದ ಚೂರು 15 ತೂಕದ್ದು. ಪ್ರಾಣಿಯ ದೇಹ ಮೂತ್ರದಲ್ಲಿ ಹಗುರವಾದದ್ದನ್ನ ಸ್ವಲ್ಪ ಜಾಸ್ತಿ ಹೊರಹಾಕುತ್ತೆ, ಭಾರವಾದದ್ದು ಸ್ವಲ್ಪ ಜಾಸ್ತಿ ಉಳಿಯುತ್ತೆ. ಹಾಗಾಗಿ ತಿನ್ನೋನ ಮೈಯಲ್ಲಿ ತಿನ್ನಿಸಿಕೊಂಡವನ ಮೈಗಿಂತ ಭಾರದ ನೈಟ್ರೋಜನ್ ಸಾವಿರಕ್ಕೆ 3-4 ಪಾಲು ಹೆಚ್ಚು. ಪಾಚಿಗಿಂತ ಸಿಗಡಿಯಲ್ಲಿ ಹೆಚ್ಚು, ಸಿಗಡಿಗಿಂತ ಮೀನಿನಲ್ಲಿ, ಮೀನಿಗಿಂತ ಸೀಲ್ ನಲ್ಲಿ. ಏಣಿಯ ಎಷ್ಟನೇ ಮೆಟ್ಟಿಲ ಮೇಲೆ ಕೂತು ಊಟ ಮಾಡ್ತಿದೆ ಅನ್ನೋದು ಇದರಿಂದ ಗೊತ್ತಾಗುತ್ತೆ. ಭಾರದ ಕಾರ್ಬನ್ ಬೇರೆ ಸುದ್ದಿ ಹೇಳುತ್ತೆ. ದಡದ ಹತ್ತಿರದ ಆಹಾರದಲ್ಲಿ ಅದು ಹೆಚ್ಚು, ನಡುಗಡಲಿನದರಲ್ಲಿ ಕಡಿಮೆ. ಅಂದರೆ ಒಂದು 'ಎಷ್ಟನೇ ಮಹಡಿ' ಅಂತ ಹೇಳಿದರೆ ಇನ್ನೊಂದು 'ಯಾವ ಬೀದಿ' ಅಂತ ಹೇಳುತ್ತೆ. ಈ ತತ್ವವನ್ನ 1978 ಮತ್ತು 1981ರಲ್ಲಿ ಡಿನಿರೋ, ಎಪ್ಸ್ಟೈನ್ ಅನ್ನೋ ಇಬ್ಬರು ಪ್ರಾಣಿಗಳಿಗೆ ಲೆಕ್ಕ ಹಾಕಿದ ಆಹಾರ ಕೊಟ್ಟು ಅಳೆದು ತೋರಿಸಿದರು.

ಪದರ ಪದರವಾಗಿ ಸಣ್ಣ ಡ್ರಿಲ್ಲಿನಲ್ಲಿ ಪುಡಿ ತೆಗೆದು, ಆಸಿಡ್ ನಲ್ಲಿ ಖನಿಜ ಕರಗಿಸಿ, ಉಳಿದ ಕೊಲ್ಲಾಜೆನ್ ಅನ್ನು ಮಾಸ್ ಸ್ಪೆಕ್ಟ್ರೋಮೀಟರ್ ಗೆ ಹಾಕಿದರೆ ವರ್ಷವಾರು ಲೆಕ್ಕ ಸಿದ್ಧ. 1998ರಲ್ಲಿ ಕೀತ್ ಹಾಬ್ಸನ್ ಮತ್ತು ಜಾನ್ ಸೀಸ್, ಸ್ಟೆಲ್ಲರ್ ಸೀ ಲಯನ್ ಹಲ್ಲಿನಲ್ಲಿ ಹೀಗೆ ಮಾಡಿದಾಗ ಒಂದು ಚಂದದ ಸಂಗತಿ ಕಂಡಿತು. ಮೊದಲನೇ ವರ್ಷದ ಪದರದಲ್ಲಿ ಭಾರದ ನೈಟ್ರೋಜನ್ ಮುಂದಿನ ವರ್ಷಗಳಿಗಿಂತ ಜಾಸ್ತಿ! ಮರಿ ಅಷ್ಟು ದೊಡ್ಡ ಬೇಟೆಗಾರನಾ? ಅಲ್ಲ. ಅದು ಕುಡಿಯೋದು ತಾಯಿಯ ಹಾಲು, ಹಾಲು ಆಗೋದು ತಾಯಿಯ ಮೈಯಿಂದ. ರಸಾಯನದ ಲೆಕ್ಕದಲ್ಲಿ ಮರಿ ತಾಯಿಗಿಂತ ಒಂದು ಮೆಟ್ಟಿಲು ಮೇಲೆ. ತಾಯಿಯನ್ನೇ ತಿಂದು ಬೆಳೆಯೋದು ಅಂತಾರಲ್ಲ, ಅಕ್ಷರಶಃ ಅದೇ. ಇದನ್ನೋದಿದ ರಾತ್ರಿ ಸುಮ್ಮನೆ ಕೂತುಬಿಟ್ಟಿದ್ದೆ.

ಇದು ಬರೀ ಕುತೂಹಲದ ವಿಷಯ ಆಗಿದ್ದರೆ ಇಲ್ಲಿಗೇ ಮುಗೀತಿತ್ತು. ಆದರೆ ಅಲಾಸ್ಕದ ಕಡೆ ಇದರ ಹಿಂದೆ ದೊಡ್ಡ ಜಗಳವೇ ಇತ್ತು. ಅಲ್ಲಿನ ಪಶ್ಚಿಮ ಭಾಗದ ಸ್ಟೆಲ್ಲರ್ ಸೀ ಲಯನ್ ಗಳು 1970ರ ದಶಕದಿಂದ 2000ದ ಹೊತ್ತಿಗೆ ಶೇ. 80ರಷ್ಟು ಕಡಿಮೆಯಾದವು. 1990ರಲ್ಲಿ ಅಪಾಯದ ಪಟ್ಟಿಗೆ ಸೇರಿದವು, 1997ರಲ್ಲಿ ಪಶ್ಚಿಮದವನ್ನು ಇನ್ನೂ ಗಂಭೀರ ಪಟ್ಟಿಗೆ ಏರಿಸಿದರು. ಯಾರ ತಪ್ಪು? ಪೊಲ್ಲಾಕ್ ಮೀನನ್ನು ದೋಚೋ ದೊಡ್ಡ ಹಡಗುಗಳದ್ದು ಅಂದರು ಕೆಲವರು. ಇಲ್ಲ, ಸಮುದ್ರದ ಬಿಸಿಯೇ ಬದಲಾಗಿ ಕೊಬ್ಬಿನ ಹೆರಿಂಗ್ ಮೀನು ಹೋಗಿ ಸತ್ವ ಕಡಿಮೆ ಇರೋ ಪೊಲ್ಲಾಕ್ ಉಳಿದಿದೆ, ಹೊಟ್ಟೆ ತುಂಬಿದರೂ ಮೈಗೆ ಹತ್ತಲ್ಲ ಅಂದರು ಇನ್ನು ಕೆಲವರು. ಹಲ್ಲಿದ್ದಾಗ ಕಡಲೆ ಇಲ್ಲ ಅನ್ನೋ ಗಾದೆ ಕಡಲಿಗೂ ಬಂತು ನೋಡಿ. ಒಂದು ಕಡೆ ಪ್ರಾಣಿಯ ಉಳಿವು, ಇನ್ನೊಂದು ಕಡೆ ಮೀನುಗಾರರ ಅನ್ನ. ಸಾಕ್ಷಿ ಹೇಳೋಕೆ ಕರೆದದ್ದು ಹಲ್ಲನ್ನ.

ಸಾಕ್ಷಿಗೆ ಮಿತಿ ಇದೆ. ಒಂದೇ ಮೆಟ್ಟಿಲಿನ ಎರಡು ಮೀನು, ಒಂದೇ ಜಾಗದಲ್ಲಿ ಬೆಳೆದಿದ್ದರೆ, ಹಲ್ಲಿಗೆ ಎರಡೂ ಹೆಚ್ಚುಕಮ್ಮಿ ಒಂದೇ. ಮಹಡಿ, ಬೀದಿ ಹೇಳುತ್ತೆ, ಮನೆಯವರ ಹೆಸರು ಹೇಳಲ್ಲ. ಅದಕ್ಕಿಂತ ದೊಡ್ಡ ತೊಡಕು ಇನ್ನೊಂದಿದೆ. ಹಲ್ಲಿನ ಅಂಕಿ ಬದಲಾದರೆ ಪ್ರಾಣಿಯ ಊಟ ಬದಲಾಯ್ತು ಅಂತಲೇ ಅರ್ಥವಲ್ಲ. ಸಮುದ್ರವೇ ಬದಲಾಗಿರಬಹುದು! ನಾವು ಸುಟ್ಟ ಕಲ್ಲಿದ್ದಲು, ಪೆಟ್ರೋಲ್ ಎಲ್ಲ ಹಳೇ ಗಿಡ ಪಾಚಿಗಳ ಕಾರ್ಬನ್, ಅದರಲ್ಲಿ ಭಾರದ ಬಗೆ ಕಡಿಮೆ. ಅದು ಗಾಳಿಗೆ ಸೇರಿ, ಸಮುದ್ರದಲ್ಲಿ ಕರಗಿ, ಪಾಚಿಗೆ, ಮೀನಿಗೆ, ಕೊನೆಗೆ ಸೀಲ್ ಹಲ್ಲಿಗೆ ಬಂದು ಕೂತಿದೆ. ಇದಕ್ಕೆ ಸ್ಯೂಸ್ ಪರಿಣಾಮ ಅಂತ ಹೆಸರು. ನಮ್ಮ ಬೈಕಿನ ಹೊಗೆಗೂ ಅದರಲ್ಲೊಂದು ಪಾಲಿದೆ.

ಈ ತೊಡಕು ಎಷ್ಟು ದೊಡ್ಡದು ಅನ್ನೋದಕ್ಕೆ ತಿಮಿಂಗಿಲದ ಒಂದು ಉದಾಹರಣೆ. ಬೋಹೆಡ್ ತಿಮಿಂಗಿಲದ ಬಾಯಲ್ಲಿ ಹಲ್ಲಿನ ಬದಲು ಜರಡಿಯಂಥ ಪಟ್ಟಿಗಳಿವೆ, ಅವೂ ಬೆಳೆಯುತ್ತಾ ದಾಖಲೆ ಬರೆದಿಡುತ್ತವೆ. ಅದರಲ್ಲಿ 1960ರ ದಶಕದಿಂದ ಭಾರದ ಕಾರ್ಬನ್ ಇಳಿದದ್ದನ್ನ ಕಂಡು 2000ದಲ್ಲಿ ಡೊನಾಲ್ಡ್ ಶೆಲ್, ಬೇರಿಂಗ್ ಸಮುದ್ರದಲ್ಲಿ ಪಾಚಿ ಬೆಳೆಯೋದೇ ಕಡಿಮೆಯಾಗಿದೆ ಅಂದ. ಮರುವರ್ಷವೇ ಕಲ್ಲೆನ್ ಮತ್ತು ಸಂಗಡಿಗರು, ನೀರಿನಲ್ಲಿ ಕಾರ್ಬನ್ ಡೈಆಕ್ಸೈಡ್ ಹೆಚ್ಚಾದರೂ ಪಾಚಿಯ ಅಂಕಿ ಇಳಿಯುತ್ತೆ, ಬೆಳೆ ಕಡಿಮೆಯಾಗಲೇಬೇಕಿಲ್ಲ ಅಂತ ತಕರಾರು ತೆಗೆದರು. ಅದೇ ಅಂಕಿ, ಎರಡು ಅರ್ಥ. ಅದಕ್ಕೇ ಈಗ ಹಲ್ಲು ಓದೋರು ಮೊದಲು ನೀರಿನ ಲೆಕ್ಕ ಕಳೆದು, ಆಮೇಲೆ ಊಟದ ಮಾತು ಆಡ್ತಾರೆ.

ಇಲ್ಲಿ ನನ್ನ ಹಲ್ಲಿನ ವಿಷಯ ಹೇಳಲೇಬೇಕು. ನಮ್ಮದು ಪಾವಗಡ ತಾಲ್ಲೂಕು. ನನ್ನ ಮುಂದಿನ ಹಲ್ಲುಗಳ ಮೇಲೆ ಕಂದು ಪಟ್ಟಿಗಳಿವೆ. ಇಂಜಿನಿಯರಿಂಗ್ ಹಾಸ್ಟೆಲ್ ಸೇರಿದ ಮೊದಲ ವಾರ ರೂಂಮೇಟ್ ಕೇಳಿದ್ದು, 'ಗುಟ್ಕಾ ಹಾಕ್ತೀಯೇನೋ?' ಅಂತ. ನಾಲ್ಕು ವರ್ಷದ ಗ್ರೂಪ್ ಫೋಟೋಗಳಲ್ಲೆಲ್ಲ ನನ್ನ ಬಾಯಿ ಮುಚ್ಚಿದೆ. ಅದು ಗುಟ್ಕಾ ಅಲ್ಲ, ನೀರು. ಕಲ್ಲಿನ ನಡುವಿನ ಅಂತರ್ಜಲದಲ್ಲಿ ಕರಗಿದ ಫ್ಲೋರೈಡ್. ಲೀಟರಿಗೆ 1.5 ಮಿಲಿಗ್ರಾಂ ಮೀರಬಾರದು ಅನ್ನುತ್ತೆ ವಿಶ್ವ ಆರೋಗ್ಯ ಸಂಸ್ಥೆ. ಎಂಟು ವರ್ಷದೊಳಗೆ, ಹಲ್ಲು ಒಸಡಿನೊಳಗೆ ಕಟ್ಟೋವಾಗ ಕುಡಿದ ನೀರು ಎನಾಮೆಲ್ ಮೇಲೆ ಬರೆದುಬಿಟ್ಟರೆ ಆಮೇಲೆ ಎಷ್ಟು ಉಜ್ಜಿದರೂ ಹೋಗಲ್ಲ.

ನಮ್ಮಜ್ಜಿಯ ಹಲ್ಲು ಕೊನೇವರೆಗೂ ಬೆಳ್ಳಗಿತ್ತು. ಅವರು ಚಿಕ್ಕವರಿದ್ದಾಗ ಕುಡಿದದ್ದು ಸೇದೋ ಬಾವಿ ನೀರು, ನಾನು ಕುಡಿದದ್ದು ಬೋರ್ ವೆಲ್ ನೀರು. ತಟ್ಟೆಯಲ್ಲಿ ಇಬ್ಬರಿಗೂ ಅದೇ ರಾಗಿಮುದ್ದೆ, ಅದೇ ಹುರುಳಿ ಸಾರು. ಈಗ ಶುದ್ಧ ನೀರಿನ ಘಟಕದ ಕ್ಯಾನ್ ನೀರು ಕುಡಿದು ಬೆಳೆಯುತ್ತಿರೋ ಅಕ್ಕನ ಮಗನಿಗೆ ಹೊಸ ಹಲ್ಲು ಬಂದಿವೆ, ಬಿಳೀ ಹಲ್ಲು. ಒಂದೇ ಮನೆಯ ಮೂರು ತಲೆಮಾರು, ಮೂರು ಬಗೆ ನೀರು. ನನ್ನ ಬಾಯಿ ಮಾತ್ರ ನೋಡಿದವನು ನನ್ನ ಅಭ್ಯಾಸದ ಬಗ್ಗೆ ತೀರ್ಪು ಕೊಡ್ತಾನೆ. ಮೂವರದ್ದೂ ನೋಡಿದವನು ನೀರಿನ ಬಗ್ಗೆ ಕೇಳ್ತಾನೆ. ಸೀಲ್ ಗೂ ಇದೇ ನ್ಯಾಯ ಸಲ್ಲಬೇಕು ಅನಿಸಿತು.

ಹೀಗೆ ಹೋಲಿಸೋಕೆ ಹಳೇ ಹಲ್ಲು ಬೇಕಲ್ಲ? ಸೀಲ್ ಗಳದ್ದು ಇದೆ. ಬೇರಿಂಗ್ ಸಮುದ್ರದ ಪ್ರಿಬಿಲೋಫ್ ದ್ವೀಪಗಳಲ್ಲಿ 1980ರ ದಶಕದವರೆಗೂ ತುಪ್ಪಳಕ್ಕಾಗಿ ಫರ್ ಸೀಲ್ ಗಳನ್ನು ಕೊಲ್ಲುತ್ತಿದ್ದರು. ಆಗ ವಯಸ್ಸು ಎಣಿಸೋಕೆ ಅಂತ ಕಿತ್ತ ಹಲ್ಲುಗಳನ್ನು ಯಾವ ವರ್ಷ, ಗಂಡೋ ಹೆಣ್ಣೋ ಅಂತ ಬರೆದು ತೆಗೆದಿಟ್ಟರು. ಐಸೊಟೋಪ್ ಅಳೆಯೋ ಯಂತ್ರ ಮುಂದೊಂದು ದಿನ ಇವನ್ನು ಓದುತ್ತೆ ಅಂತ ಆಗ ಯಾರಿಗೂ ತಿಳಿದಿರಲಿಲ್ಲ. ಆದರೂ ಚೀಟಿ ಬರೆದರು. ಟೈಮ್ ಸ್ಟ್ಯಾಂಪ್ ಇಲ್ಲದ ಲಾಗ್ ಎಷ್ಟು ದಂಡ ಅಂತ ನನ್ನ ಕೆಲಸ ಮಾಡೋ ಯಾರನ್ನ ಬೇಕಾದರೂ ಕೇಳಿ.

ನಮ್ಮೂರಿನ ನೀರಿಗೆ ಅಂಥ ಚೀಟಿ ಇಲ್ಲ. ಮೊದಲ ಬೋರ್ ಯಾವಾಗ ಹಾಕಿಸಿದ್ದು ಅಂತ ಅಪ್ಪನನ್ನ ಕೇಳಿದರೆ, 'ಬರ ಬಂತಲ್ಲ, ಅದರ ಮುಂದಿನ ವರ್ಷ' ಅಂತಾರೆ. ಎಷ್ಟನೇ ಬರ? ಅದಕ್ಕೆ ಅಮ್ಮ ಒಂದು ಹೇಳ್ತಾರೆ, ದೊಡ್ಡಪ್ಪ ಇನ್ನೊಂದು. ಹಾಗಾಗಿ ಹೋದ ಸಲ ಊರಿಗೆ ಹೋದಾಗ ಒಂದು ನೋಟ್ ಬುಕ್ ತಗೊಂಡು ಹೋಗಿದ್ದೆ. ಯಾರ ಬೋರ್, ಯಾವ ವರ್ಷ, ಎಷ್ಟು ಅಡಿ, ಆ ಮನೆಯಲ್ಲಿ ಆಮೇಲೆ ಹುಟ್ಟಿದವರು ಯಾರು. ಸದ್ಯಕ್ಕೆ ಹನ್ನೊಂದು ಸಾಲಾಗಿದೆ. ದೀಪಾವಳಿಗೆ ಹೋದಾಗ ಇನ್ನಷ್ಟು ಬರೀಬೇಕು. ನಿಮ್ಮೂರಲ್ಲೂ ಒಮ್ಮೆ ಕೇಳಿ ನೋಡಿ, ನೆನಪಿರೋರು ಇರೋವಾಗಲೇ.