ಬೆಳ್ಳಂದೂರಲ್ಲಿ ಕಂಡ ಮತ

ಸಿಲ್ಕ್ ಬೋರ್ಡಿನಲ್ಲಿ 500-ಡಿ ಬಸ್ಸು ಹತ್ತಿದರೆ ಬೆಳ್ಳಂದೂರು ಎಷ್ಟು ಕಿಲೋಮೀಟರ್ ಎಂದು ಯಾರನ್ನು ಕೇಳಿದರೂ ಉತ್ತರ ಬರುವುದು ನಿಮಿಷದಲ್ಲಿ. ಅದೂ ಸೋಮವಾರಕ್ಕೆ ಒಂದು ಲೆಕ್ಕ, ಭಾನುವಾರಕ್ಕೆ ಇನ್ನೊಂದು. ನಾನು ಹೋದದ್ದು ಶನಿವಾರ. ರಸ್ತೆಯ ನಡುವೆ ಮೆಟ್ರೊ ಕಂಬಗಳ ಸಾಲು, ಎರಡೂ ಕಡೆ ಗಾಜು ಹೊದ್ದ ಆಫೀಸುಗಳು, ಅವುಗಳ ಬುಡದಲ್ಲಿ ಎಳನೀರಿನ ಗಾಡಿ, ಚಿತ್ರಾನ್ನದ ಡಬ್ಬ ಇಟ್ಟುಕೊಂಡ ಸ್ಕೂಟರ್. ಸಾಗರದ ಕಡೆಯ ನಿವೃತ್ತ ಸಮಾಜ ವಿಜ್ಞಾನದ ಮೇಷ್ಟರಿಗೆ ಇದೆಲ್ಲ ಬೇರೆ ದೇಶವೇ. ಕಂಡಕ್ಟರ್ ಕನ್ನಡದಲ್ಲಿ ಬೈದಾಗ ಮಾತ್ರ ಸಮಾಧಾನವಾಯಿತು.

ಬೆಳ್ಳಂದೂರೆಂದರೆ ಮೊದಲು ಕೆರೆ. ಸುಮಾರು 900 ಎಕರೆ ಹರಡಿದ, ಬೆಂಗಳೂರಿನಲ್ಲೇ ದೊಡ್ಡದೆನಿಸಿದ ಕೆರೆ. ನಗರದ ಕೊಳಚೆ ಹೊತ್ತು, ವರ್ತೂರು ಕೆರೆಗೆ ದಾಟಿಸಿ, ಅಲ್ಲಿಂದ ದಕ್ಷಿಣ ಪಿನಾಕಿನಿಗೆ ಸೇರಿಸುವುದು ಇದರ ಪಾಡು. ನೊರೆ ರಸ್ತೆಗೆ ಹಾರಿದ್ದನ್ನು ಟಿವಿಯಲ್ಲಿ ನೋಡಿದ್ದೆ. 2017ರ ಫೆಬ್ರುವರಿಯಲ್ಲಿ, ಮತ್ತೆ 2018ರ ಜನವರಿಯಲ್ಲಿ ಕೆರೆಯಲ್ಲೇ ಬೆಂಕಿ ಎದ್ದಿತ್ತು. ಎರಡನೇ ಸಲ ಆರಿಸಲು ಸೈನಿಕರೂ ಬರಬೇಕಾಯಿತು. ನೀರಿಗೆ ಬೆಂಕಿ ಬಿದ್ದ ಸುದ್ದಿಯನ್ನು ನಮ್ಮೂರಲ್ಲಿ ಹೇಳಿದರೆ ಯಾರೂ ನಂಬಿರಲಿಲ್ಲ. 2022ರ ಸೆಪ್ಟೆಂಬರಿನಲ್ಲಿ ಇದೇ ರಸ್ತೆ ಹೊಳೆಯಾಗಿ, ಸಾಫ್ಟ್‌ವೇರ್ ಹುಡುಗರು ಟ್ರ್ಯಾಕ್ಟರ್ ಹತ್ತಿ ಆಫೀಸಿಗೆ ಹೋದರು. ಈಗ ದಂಡೆಯ ಬೇಲಿಯಾಚೆ ನೋಡಿದರೆ ಹೂಳು ತೆಗೆದ ಮಣ್ಣಿನ ದಿಬ್ಬ, ನಡುವೆ ನೀರು, ನೀರಿನ ಮೇಲೆ ಬೆಳ್ಳಕ್ಕಿ. ವಾಸನೆ ಇದೆ. ಬೆಳ್ಳಕ್ಕಿಗೆ ಅದರ ಚಿಂತೆ ಇದ್ದಂತಿಲ್ಲ.

ನಾನು ಬಂದದ್ದು ಅಣ್ಣನ ಮಗಳ ಮನೆಗೆ. ಅವಳ ಅಪಾರ್ಟ್‌ಮೆಂಟಿನ ಗೇಟಿನಲ್ಲಿ ನನ್ನ ಫೋಟೊ ಹಿಡಿದು, ನಂಬರಿಗೆ ಒಟಿಪಿ ಕಳಿಸಿ, ಆಮೇಲೆ ಒಳಗೆ ಬಿಟ್ಟರು. ಲಿಫ್ಟ್ ಹನ್ನೊಂದನೇ ಮಹಡಿಗೆ ಏರಿದ್ದು ನನಗೆ ತಿಳಿಯಲೇ ಇಲ್ಲ. ಆದರೆ ನಾನು ನಿಜವಾಗಿ ಬೆರಗಾದದ್ದು ಮರುದಿನ ಬೆಳಿಗ್ಗೆ, ಕ್ಲಬ್‌ಹೌಸಿನಲ್ಲಿ.

‘ಚಿಕ್ಕಪ್ಪ, ಇವತ್ತು ನಮ್ಮಲ್ಲಿ ವೋಟಿಂಗ್ ಇದೆ, ಬರ್ತೀರಾ? ನಿಮ್ಮ ಸಬ್ಜೆಕ್ಟೇ’ ಎಂದಳು.

ವಿಷಯ ಇಷ್ಟೇ. ಯೋಜನೆಯ ಕೊನೆಯ ಹಂತ ಇನ್ನೂ ಮುಗಿದಿರಲಿಲ್ಲ. ಮಕ್ಕಳ ಆಟಕ್ಕೆಂದು ನಕ್ಷೆಯಲ್ಲಿ ತೋರಿಸಿದ್ದ ಜಾಗದಲ್ಲಿ ಬಿಲ್ಡರ್‌ಗೆ ಇನ್ನೊಂದು ಟವರ್ ಎಬ್ಬಿಸುವ ಆಸೆ. ಅದಕ್ಕೆ ಮನೆ ಕೊಂಡವರ ಒಪ್ಪಿಗೆ ಬೇಕು. ಮೇಜಿನ ಮೇಲೆ ಟವರ್‌ವಾರು ರಿಜಿಸ್ಟರ್, ಪಕ್ಕದಲ್ಲಿ ಬಿಲ್ಡರ್ ಕಡೆಯಿಂದ ಬಂದ ಒಪ್ಪಿಗೆ ಪತ್ರಗಳ ಕಟ್ಟು. ಪತ್ರದ ಕೆಳಗೆ ಎರಡು ಚೌಕ: ಒಪ್ಪಿದ್ದೇನೆ, ಒಪ್ಪಿಲ್ಲ. ಸಹಿ, ಫ್ಲಾಟ್ ನಂಬರ್, ತಾರೀಖು. ಒಬ್ಬ ಯಜಮಾನರು ಮೂರು ಪತ್ರ ಕೇಳಿದರು. ಅವರಿಗೆ ಮೂರು ಫ್ಲಾಟು. ರಿಜಿಸ್ಟರ್ ಹಿಡಿದಿದ್ದ ಹೆಣ್ಣುಮಗಳು ‘ಅಂಕಲ್, ನಿಮಗೆ ಎಷ್ಟೇ ಫ್ಲಾಟ್ ಇದ್ರೂ ಒಂದೇ ಲೆಕ್ಕ’ ಎಂದು ಒಂದನ್ನೇ ಕೊಟ್ಟಳು. ಯಜಮಾನರು ಮುಖ ಗಂಟಿಕ್ಕಿದರು. ನನಗೆ ಆ ಹುಡುಗಿಯ ಕಾಲಿಗೆ ಬೀಳುವುದೊಂದು ಬಾಕಿ.

ಇದು ಅವರ ಸಂಘದವರ ಬುದ್ಧಿವಂತಿಕೆಯಲ್ಲ, ಕಾನೂನು. 2016ರ ರೇರಾ ಕಾಯ್ದೆಯ 14ನೇ ಕಲಂ: ಮಂಜೂರಾದ ನಕ್ಷೆಯನ್ನಾಗಲಿ ಸಾಮೂಹಿಕ ಜಾಗವನ್ನಾಗಲಿ ಬದಲಿಸಬೇಕಾದರೆ ಕೊಂಡವರಲ್ಲಿ ಮೂರನೇ ಎರಡರಷ್ಟು ಜನರ ಲಿಖಿತ ಒಪ್ಪಿಗೆ ಮೊದಲೇ ಬೇಕು. ಬಿಲ್ಡರ್ ಆ ಲೆಕ್ಕದಲ್ಲಿ ಬರುವುದಿಲ್ಲ. ಎಷ್ಟೇ ಮನೆ ಕೊಂಡರೂ, ಮನೆಯವರ ಹೆಸರಲ್ಲಿ ಕೊಂಡರೂ, ಒಬ್ಬನೇ. ಕರ್ನಾಟಕ ಅಪಾರ್ಟ್‌ಮೆಂಟ್ ಮಾಲೀಕತ್ವ ಕಾಯ್ದೆ ಇನ್ನೂ ಬಿಗಿ, 1972ರದು. ನೆಲದಲ್ಲಿ ನಿಮಗಿರುವ ಅವಿಭಜಿತ ಪಾಲನ್ನು ಬದಲಿಸಬೇಕಾದರೆ ಎಲ್ಲ ಮಾಲೀಕರೂ ಒಪ್ಪಬೇಕು. ಒಬ್ಬ ತಲೆ ಅಲ್ಲಾಡಿಸಿದರೂ ಕೆಲಸ ನಿಂತಿತು.

ನಾನು ಬಂದದ್ದು ಶರಾವತಿ ದಂಡೆಯಿಂದ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿದು ನೀರು ನಿಂತಾಗ ಊರಿಗೆ ಊರೇ ಗಂಟುಮೂಟೆ ಕಟ್ಟಿತು. ಆಗಿದ್ದದ್ದು 1894ರ ಭೂಸ್ವಾಧೀನ ಕಾಯ್ದೆ. ಅದರಲ್ಲಿ ನೋಟಿಸು ಇತ್ತು, ಪರಿಹಾರ ಇತ್ತು, ಒಪ್ಪಿಗೆ ಎಂಬುದಿರಲಿಲ್ಲ. 2013ರ ಹೊಸ ಕಾಯ್ದೆಯಲ್ಲಿ ಖಾಸಗಿ ಕಂಪನಿಗಾದರೆ ಶೇ 80, ಸರ್ಕಾರಿ-ಖಾಸಗಿ ಸಹಭಾಗಿತ್ವಕ್ಕಾದರೆ ಶೇ 70ರಷ್ಟು ಸಂತ್ರಸ್ತರ ಒಪ್ಪಿಗೆ ಬೇಕೆಂದು ಬಂತು. ಸರ್ಕಾರ ತನಗೇ ಅಣೆಕಟ್ಟು ಕಟ್ಟುವುದಾದರೆ ಈಗಲೂ ಒಪ್ಪಿಗೆಯ ಮಾತಿಲ್ಲ. ಅಂಥ ಸೀಮೆಯವನಿಗೆ, ಮಕ್ಕಳ ಜಾರುಬಂಡೆಯ ಜಾಗಕ್ಕೆ ಇಷ್ಟು ಜನ ಸಾಲುಗಟ್ಟಿ ಸಹಿ ಹಾಕುವುದು ಪವಾಡದಂತೆ ಕಂಡಿತು. ಅಸೂಯೆಯೂ ಆಯಿತು, ಮುಚ್ಚಿಡುವುದೇಕೆ.

ಸಂಜೆ ಹಳೇ ಊರಿನ ಕಡೆ ನಡೆದೆ. ಅಪಾರ್ಟ್‌ಮೆಂಟುಗಳ ಬೆನ್ನಿಗೇ ಹಳೇ ಬೆಳ್ಳಂದೂರು ಇದೆ. ಓಣಿ ಕಿರಿದು, ಪಿಜಿ ಬೋರ್ಡುಗಳು ಹೆಚ್ಚು, ಹಸು ಇನ್ನೂ ಇವೆ. ಬೆಳ್ಳಂದೂರು ಗ್ರಾಮ ಪಂಚಾಯಿತಿಗೆ ಒಂದು ಕಾಲದಲ್ಲಿ ದೊಡ್ಡ ಹೆಸರು. 1990ರ ದಶಕದ ಕೊನೆಗೇ ಕಡತಗಳನ್ನು ಕಂಪ್ಯೂಟರಿಗೆ ಏರಿಸಿದ ಪಂಚಾಯಿತಿ ಇದು. ಆಗ ನಮ್ಮ ಶಾಲೆಯ ಕಂಪ್ಯೂಟರ್ ಇನ್ನೂ ಪ್ಲಾಸ್ಟಿಕ್ ಹೊದ್ದು ಮಲಗಿತ್ತು. ಪಂಚಾಯತ್ ರಾಜ್ ಕಾಯ್ದೆಯ ಪ್ರಕಾರ ಆರು ತಿಂಗಳಿಗೊಮ್ಮೆಯಾದರೂ ಗ್ರಾಮಸಭೆ ನಡೆಯಬೇಕು. ಲೆಕ್ಕ ಕೇಳಬಹುದು, ಫಲಾನುಭವಿಗಳನ್ನು ಆರಿಸಬಹುದು, ಅಧ್ಯಕ್ಷರನ್ನು ಎಲ್ಲರೆದುರು ತರಾಟೆಗೆ ತೆಗೆದುಕೊಳ್ಳಬಹುದು.

2007ರ ಜನವರಿಯಲ್ಲಿ ಏಳು ನಗರಸಭೆ, ಒಂದು ಪುರಸಭೆ, 110 ಹಳ್ಳಿಗಳನ್ನು ಸೇರಿಸಿ ಬೃಹತ್ ಬೆಂಗಳೂರು ಮಹಾನಗರ ಪಾಲಿಕೆ ಮಾಡಿದರು. ಪಂಚಾಯಿತಿ ಹೋಯಿತು, ಗ್ರಾಮಸಭೆಯೂ ಹೋಯಿತು. ಟೀ ಅಂಗಡಿಯ ಮುಂದೆ ಕೂತಿದ್ದ ಹಿರಿಯರೊಬ್ಬರನ್ನು ಕೇಳಿದೆ, ‘ಆಗ ನಿಮ್ಮನ್ನು ಯಾರಾದರೂ ಕೇಳಿದ್ರಾ?’

‘ಯಾರ್ ಕೇಳ್ತಾರೆ ಸಾಮಿ? ಪೇಪರ್‌ನಾಗೆ ಬಂತು, ಬೋರ್ಡ್ ಚೇಂಜ್ ಆಯ್ತು, ಟ್ಯಾಕ್ಸ್ ಜಾಸ್ತಿ ಆಯ್ತು’ ಎಂದರು. ಟೀ ಕುಡಿದು ಮುಗಿಸಿ, ‘ನೀರು ಮಾತ್ರ ಲೇಟಾಯ್ತು’ ಎಂದು ಸೇರಿಸಿದರು. ಆ 110 ಹಳ್ಳಿಗಳಿಗೆಂದೇ ರೂಪಿಸಿದ ಕಾವೇರಿ ಐದನೇ ಹಂತ ಉದ್ಘಾಟನೆಯಾದದ್ದು 2024ರ ಅಕ್ಟೋಬರಿನಲ್ಲಿ.

ಕಾನೂನು ಮುರಿದು ಏನೂ ನಡೆದಿರಲಿಲ್ಲ. ಊರನ್ನು ನಗರಕ್ಕೆ ಸೇರಿಸಲು ಕರಡು ಅಧಿಸೂಚನೆ, ಆಕ್ಷೇಪಣೆಗೆ ಗಡುವು, ಅಂತಿಮ ಅಧಿಸೂಚನೆ, ಇಷ್ಟಾದರೆ ಸಾಕು. ಆಕ್ಷೇಪಣೆ ಬಂದರೆ ಪರಿಶೀಲಿಸಬೇಕು, ಒಪ್ಪಲೇಬೇಕೆಂದಿಲ್ಲ. 2025ರ ಸೆಪ್ಟೆಂಬರಿನಲ್ಲಿ ಬೆಂಗಳೂರನ್ನು ಐದು ಪಾಲಿಕೆಗಳಾಗಿ ಒಡೆದು ಬೆಳ್ಳಂದೂರನ್ನು ಪೂರ್ವ ಪಾಲಿಕೆಗೆ ಹಾಕಿದ್ದೂ ಇದೇ ದಾರಿಯಲ್ಲಿ. ಅಷ್ಟರಲ್ಲಿ ಚುನಾಯಿತ ಕೌನ್ಸಿಲ್ಲಿನ ಅವಧಿ ಮುಗಿದೇ ಐದು ವರ್ಷವಾಗಿತ್ತು.

ನಮ್ಮ ಸಂವಿಧಾನದಲ್ಲಿ ಜನಮತಗಣನೆ ಕಡ್ಡಾಯ ಎನ್ನುವ ಒಂದು ವಿಧಿಯೂ ಇಲ್ಲ. 3ನೇ ವಿಧಿಯಂತೆ ರಾಜ್ಯವನ್ನೇ ಒಡೆಯಬಹುದು, ಕೂಡಿಸಬಹುದು. ಶಾಸನಸಭೆಯ ಅಭಿಪ್ರಾಯ ಕೇಳಿದರೆ ಆಯಿತು. 1956ರಲ್ಲಿ ನಮ್ಮ ನಾಡು ಒಂದಾದದ್ದೂ ಮತಪೆಟ್ಟಿಗೆಯಿಂದಲ್ಲ. ಕಾರವಾರದಾಚೆ ಗೋವಾದವರಿಗೆ ಆ ಭಾಗ್ಯ ಸಿಕ್ಕಿತು. ಮಹಾರಾಷ್ಟ್ರಕ್ಕೆ ಸೇರಬೇಕೆ ಬೇಡವೆ ಎಂದು ಕೇಳಲು ಸಂಸತ್ತು ಬೇರೆಯೇ ಕಾಯ್ದೆ ಮಾಡಿತು. 1967ರ ಜನವರಿ 16ರಂದು ಸೇರಲು ಹೂವು, ಬೇಡವೆನ್ನಲು ಎರಡೆಲೆ. ಎರಡೆಲೆ 34,021 ಮತಗಳಿಂದ ಗೆದ್ದಿತು. 1975ರ ಏಪ್ರಿಲಿನಲ್ಲಿ ಸಿಕ್ಕಿಂನಲ್ಲಿ ಇನ್ನೊಂದಾಯಿತು. 1978ರಲ್ಲಿ ಜನತಾ ಸರ್ಕಾರ ಇನ್ನೂ ದೊಡ್ಡ ಹೆಜ್ಜೆ ಇಟ್ಟಿತ್ತು: ಸಂವಿಧಾನದ ಮೂಲ ಲಕ್ಷಣಗಳಿಗೆ ಕೈ ಹಾಕಬೇಕಾದರೆ ಜನರ ಮತ ಕಡ್ಡಾಯ, ಶೇ 51ರಷ್ಟಾದರೂ ಮತದಾನವಾಗಿರಬೇಕು ಎಂಬ ಕಲಂ. ಲೋಕಸಭೆ ಒಪ್ಪಿತು, ರಾಜ್ಯಸಭೆ ಕಿತ್ತುಹಾಕಿತು. ಮಿಕ್ಕ ಭಾಗವೇ 44ನೇ ತಿದ್ದುಪಡಿ. ಆ ಕಲಂ ಬಿದ್ದದ್ದು ನಷ್ಟ ಎಂದು ಕ್ಲಾಸಿನಲ್ಲಿ ಹೇಳುತ್ತಿದ್ದೆ, ಈಗಲೂ ಹೇಳುತ್ತೇನೆ.

ರಾತ್ರಿ ಊಟಕ್ಕೆ ಕೂತಾಗ ಅಳಿಯಂದಿರು ಸ್ವಿಟ್ಜರ್ಲೆಂಡಿನ ಮಾತು ತೆಗೆದರು. ಕಂಪನಿ ಅವರನ್ನು ಕೆಲಕಾಲ ಅಲ್ಲಿಗೆ ಕಳಿಸಿತ್ತು. ಅಲ್ಲಿ ಸಂವಿಧಾನಕ್ಕೆ ತಿದ್ದುಪಡಿ ಎಂದರೆ ಯಾರೂ ಒತ್ತಾಯಿಸದಿದ್ದರೂ ಸರ್ಕಾರ ಅದನ್ನು ಮತಕ್ಕೆ ಹಾಕಲೇಬೇಕು. ಒಟ್ಟು ಮತಗಳಲ್ಲಿ ಬಹುಮತ, ಜೊತೆಗೆ ಹೆಚ್ಚಿನ ಕ್ಯಾಂಟನ್‌ಗಳ ಒಪ್ಪಿಗೆ, ಎರಡೂ ಬೇಕು. ಸಾಮಾನ್ಯ ಕಾಯ್ದೆಯಾದರೆ 100 ದಿನದೊಳಗೆ 50,000 ಸಹಿ ತಂದವರು ಅದನ್ನು ಮತಕ್ಕೆ ಎಳೆಯಬಹುದು. ‘ಮಾವ, ಊರುಗಳ ವಿಲೀನ ಕೇಳಿ’ ಎಂದು ಅವರು ಹೇಳಿದ್ದು ಗ್ಲಾರುಸ್ ಎಂಬ ಪುಟ್ಟ ಕ್ಯಾಂಟನ್ನಿನ ಕಥೆ. 2006ರಲ್ಲಿ ಅಲ್ಲಿನ ಸರ್ಕಾರ 25 ಪಂಚಾಯಿತಿಗಳನ್ನು 10ಕ್ಕೆ ಇಳಿಸೋಣ ಎಂದಿತು. ಜನ ಬಯಲಲ್ಲಿ ನಿಂತು ಕೈ ಎತ್ತಿ ತೀರ್ಮಾನಿಸುವ ಸಭೆ ಅದು. ನಡುವಿನಿಂದ ಯಾರೋ ಎದ್ದು ‘ಹತ್ತು ಏಕೆ, ಮೂರು ಸಾಕು’ ಎಂದರು. ಕೈಗಳು ಎದ್ದವು. 2011ರಿಂದ ಅಲ್ಲಿ ಮೂರೇ. ವಿಲೀನ ಬೇಡವೆನ್ನುವವನಲ್ಲ ನಾನು. ಕೇಳಿದರೆ ಜನ ಸರ್ಕಾರಕ್ಕಿಂತ ಮುಂದೆ ಹೋಗಬಹುದು ಎನ್ನುವುದಕ್ಕೆ ಇದಕ್ಕಿಂತ ಸಾಕ್ಷಿ ಬೇಕಿಲ್ಲ. ಎಲ್ಲ ಕಡೆಯೂ ಹಾಗಲ್ಲ, ನಿಜ. ಆಸ್ಟ್ರೇಲಿಯಾದಲ್ಲಿ ಸಂವಿಧಾನ ತಿದ್ದಲು ಜನಮತ ಕಡ್ಡಾಯ. ಈವರೆಗಿನ 45 ಪ್ರಸ್ತಾವಗಳಲ್ಲಿ ಗೆದ್ದದ್ದು ಎಂಟು. ಕೇಳಿದರೆ ಜನ ಬೇಡ ಎನ್ನುತ್ತಾರೆಂಬ ಹೆದರಿಕೆ ಸರ್ಕಾರಗಳಿಗೆ ಸುಮ್ಮನೆ ಬಂದದ್ದಲ್ಲ.

ಬಿಲ್ಡರ್ ಕೇಳಿದ ಒಪ್ಪಿಗೆ ಅರ್ಧದಷ್ಟೂ ಬರಲಿಲ್ಲವೆಂದು ಅಣ್ಣನ ಮಗಳು ಆಮೇಲೆ ಫೋನಿನಲ್ಲಿ ತಿಳಿಸಿದಳು. ಟವರ್ ಏಳುವುದಿಲ್ಲ. ಮನೆ ಕೊಂಡವನಿಗೆ ಕೊಟ್ಟ ಈ ಹಕ್ಕನ್ನು ಊರಲ್ಲಿ ಹುಟ್ಟಿದವನಿಗೂ ಕೊಡಲು ವಿಧಾನಸಭೆಗೆ ಒಂದು ತಿದ್ದುಪಡಿ ಸಾಕು: ಪಂಚಾಯಿತಿಯನ್ನು ನಗರಕ್ಕೆ ಸೇರಿಸುವ ಮುನ್ನ ಆ ಪಂಚಾಯಿತಿಯ ಮತದಾರರ ಮತ ಪಡೆಯತಕ್ಕದ್ದು. ಅದು ಬರುವವರೆಗೆ, ಹುಬ್ಬಳ್ಳಿಯೋ ಮೈಸೂರೋ ಶಿವಮೊಗ್ಗವೋ, ನಗರದ ಅಂಚಿನಲ್ಲಿರುವವರು ಪತ್ರಿಕೆಯಲ್ಲಿ ಕರಡು ಅಧಿಸೂಚನೆ ಕಂಡ ದಿನವೇ ಗಡುವು ಯಾವತ್ತೆಂದು ನೋಡಿ, ಆಕ್ಷೇಪಣೆಯನ್ನು ಬರವಣಿಗೆಯಲ್ಲಿ ಕೊಟ್ಟು ಸ್ವೀಕೃತಿ ಪಡೆದುಕೊಳ್ಳಿ.